ಸಫರ್‌ನ ಮೊದಲ ದಿನ ಕಲಿಸುವ ಪಾಠ

ಪ್ರಯಾಣವನ್ನು ಪ್ರವಾದಿ ಮುಹಮ್ಮದ್(ಸ)ರವರು ಯಾತನೆಯ ಒಂದು ಅಂಶವೆಂದು ಬಣ್ಣಿಸಿದ್ದಾರೆ. ಅದು ಮನುಷ್ಯನ ಅನ್ನ, ನೀರು, ನಿದ್ರೆಗಳನ್ನು ತಡೆಯುತ್ತದೆ, ಆದ್ದರಿಂದ ಕೆಲಸ ಮುಗಿದೊಡನೆ ಮನೆಗೆ ಮರಳಿರಿ ಎಂಬುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಆ ಹದೀಸಿನ ಸಾರ. ಒಂಟೆಯ ಬೆನ್ನಿನ ಕಾಲ ಮುಗಿದು ವಿಮಾನ ಹಾಗೂ ಹವಾನಿಯಂತ್ರಿತ ವಾಹನಗಳ ಕಾಲ ಬಂದಿರುವಾಗ ಈ ಮಾತು ಇನ್ನೂ ಅನ್ವಯವಾಗುವುದೇ ಎಂದು ಯುವಕರು ಕೇಳುವುದುಂಟು. ಕಳೆದ ದಸರಾ ರಜೆಯಲ್ಲಿ ನಮ್ಮ ಕುಟುಂಬವು ಬೊಮ್ಮನಹಳ್ಳಿಯಿಂದ ಮದೀನಾದ ಕಡೆಗೆ ಹೊರಟಾಗ, ಮೊದಲ ದಿನವೇ ಈ ಪ್ರಶ್ನೆಗೆ ಉತ್ತರ ದೊರೆಯಿತು.

ನಾವು ಒಟ್ಟು ಏಳು ಮಂದಿ. ಎಪ್ಪತ್ತು ದಾಟಿದ, ಮಂಡಿನೋವು ಮತ್ತು ಸಕ್ಕರೆ ಕಾಯಿಲೆಯಿರುವ ತಾಯಿಯವರು ನಮ್ಮಲ್ಲಿ ಹಿರಿಯರು. ಜಿದ್ದಾದವರೆಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಮದೀನಾ, ಬಳಿಕ ದುಲ್ ಹುಲೈಫಾದಲ್ಲಿ ಇಹ್ರಾಮ್ ಧರಿಸಿ ಮಕ್ಕಾ ಎಂದು ನಿಶ್ಚಯಿಸಿದ್ದೆವು. ಮೊದಲು ಮದೀನಾಕ್ಕೆ ಹೋಗುವ ಸಂಕಲ್ಪವಿದ್ದ ಕಾರಣ ವಿಮಾನದಲ್ಲಿ ಇಹ್ರಾಮ್ ಧರಿಸುವ ಅಗತ್ಯವಿರಲಿಲ್ಲ. ಜಿದ್ದಾದಲ್ಲಿ ಉದ್ಯೋಗದಲ್ಲಿರುವ ನಮ್ಮ ಭಾವಮೈದುನನು ತನ್ನ ವಾಹನದಲ್ಲಿ ಕರೆದೊಯ್ಯುವುದಾಗಿ ಹೇಳಿದ್ದನು.

ಮೂವರು ಪ್ರಯಾಣಕ್ಕೆ ಹೊರಟರೆ ಒಬ್ಬರನ್ನು ಅಮೀರ್ ಆಗಿ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಮದರಸಾದಲ್ಲಿ ಕಲಿತವರೆಂಬ ಕಾರಣಕ್ಕೆ ಎಲ್ಲರೂ ನಮ್ಮ ಮುಖ ನೋಡಿದರು. ನಾವು ನಮ್ಮ ಅಕ್ಕನ ಪತಿಯವರ ಹೆಸರು ಸೂಚಿಸಿದೆವು. ಅವರು ಮೂರು ದಶಕ ನಗರದ ಬಸ್ಸು ಓಡಿಸಿ ನಿವೃತ್ತರಾದವರು. ಹೆಚ್ಚು ಓದಿದವರಲ್ಲ, ಆದರೆ ರಸ್ತೆಯನ್ನೂ ಮನುಷ್ಯನ ದಣಿವನ್ನೂ ಬಲ್ಲವರು. ಪ್ರಯಾಣದ ಅಮೀರ್‌ಗೆ ಬೇಕಾದುದು ಆ ಅರಿವೇ.

ಝುಹರ್ ನಮಾಝನ್ನು ಮನೆಯಲ್ಲಿ ಪೂರ್ಣ ನಾಲ್ಕು ರಕಅತ್ ನಿರ್ವಹಿಸಿ ಹೊರಟೆವು. ವಾಹನವೇರಿದಾಗ ಮಕ್ಕಳು ಪ್ರಯಾಣದ ದುಆ ಪಠಿಸಿದರು. ಈ ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ನಮ್ಮ ಸ್ವಂತ ಬಲದಿಂದ ಇದು ಆಗುತ್ತಿರಲಿಲ್ಲ, ಕೊನೆಗೆ ನಾವು ಮರಳುವುದು ಅವನ ಕಡೆಗೇ ಎಂಬುದು ಅದರ ಅರ್ಥ. ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯಲ್ಲಿ ವಾಹನ ಅಂಗುಲ ಅಂಗುಲವಾಗಿ ಸಾಗುತ್ತಿದ್ದಾಗ ನಮ್ಮ ಮಗನು, "ಅಬ್ಬಾ, ನಾವು ಈಗ ಮುಸಾಫಿರರೇ?" ಎಂದು ಕೇಳಿದನು.

ಪ್ರಶ್ನೆ ಚಿಕ್ಕದು, ವಿಷಯ ದೊಡ್ಡದು. ಹನಫೀ ವಿದ್ವಾಂಸರ ಪ್ರಕಾರ ಸುಮಾರು 77 ಕಿಲೋಮೀಟರ್ ಅಥವಾ ಅದಕ್ಕಿಂತ ದೂರದ ಪ್ರಯಾಣದ ಸಂಕಲ್ಪದಿಂದ ಹೊರಟು, ತನ್ನ ಊರಿನ ವಸತಿಯನ್ನು ದಾಟಿದ ಬಳಿಕವೇ ಖಸ್ರ್ ಆರಂಭವಾಗುತ್ತದೆ. ಆದರೆ ನಮ್ಮ ಊರು ಎಲ್ಲಿ ಮುಗಿಯುತ್ತದೆ? 2007ರವರೆಗೆ ಬೊಮ್ಮನಹಳ್ಳಿಯು ತನ್ನದೇ ನಗರಸಭೆಯಿದ್ದ ಊರು. ಉತ್ತರದ ಬ್ಯಾಟರಾಯನಪುರ, ಯಲಹಂಕಗಳೂ ಹಾಗೆಯೇ ಇದ್ದವು. ಆ ವರ್ಷ ಇವೆಲ್ಲವೂ ಬೆಂಗಳೂರು ಮಹಾನಗರದೊಳಗೆ ಸೇರಿದವು. ಮರುವರ್ಷ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿಗೆ ಹೋಯಿತು. ಹೀಗಾಗಿ ನಮ್ಮ ಬಡಾವಣೆಯವರು ಇಡೀ ನಗರವನ್ನು ತೆಂಕಣದಿಂದ ಬಡಗಣಕ್ಕೆ ದಾಟಿ, ಯಲಹಂಕವನ್ನು ಹಿಂದೆ ಬಿಟ್ಟ ಮೇಲೆಯೇ ಊರು ದಾಟಿದೆವೆನ್ನಬಹುದು. ವಸತಿಗಳು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತಿರುವುದರಿಂದ, ಹೊರಡುವ ಮುನ್ನ ತಮ್ಮ ಮಸೀದಿಯ ಉಲಮಾಗಳಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ. ನಾವೂ ಹಾಗೆ ವಿಚಾರಿಸಿಯೇ ಹೊರಟಿದ್ದೆವು.

ನಿಲ್ದಾಣದಲ್ಲಿ ಅಸರ್ ನಮಾಝನ್ನು ಎರಡು ರಕಅತ್‌ಗೆ ಮುಗಿಸಿದಾಗ ತಾಯಿಯವರು ಸಮಾಧಾನಗೊಳ್ಳಲಿಲ್ಲ. "ಬೇಟಾ, ಅಲ್ಲಾಹನ ಮನೆಗೆ ಹೊರಟವರು ನಮಾಝನ್ನೇ ಕಡಿಮೆ ಮಾಡುವುದೇ? ನನಗೆ ಕೂತಾದರೂ ನಾಲ್ಕು ಓದುವ ಶಕ್ತಿ ಇದೆ" ಎಂದರು.

ಈ ಸಂದೇಹ ನಮ್ಮ ತಾಯಿಯವರೊಬ್ಬರದಲ್ಲ. ಭಯದ ಸ್ಥಿತಿಯಲ್ಲಿ ನಮಾಝ್ ಸಂಕ್ಷೇಪಿಸಲು ಕುರ್‌ಆನ್ ಅನುಮತಿಸಿದೆ, ಈಗಲಾದರೋ ಜನರು ನಿರ್ಭಯರಾಗಿದ್ದಾರಲ್ಲ ಎಂದು ಹಝ್ರತ್ ಉಮರ್(ರ)ರವರನ್ನು ಒಬ್ಬರು ಕೇಳಿದ್ದರು. ತನಗೂ ಇದೇ ಆಶ್ಚರ್ಯವಾಗಿ ಪ್ರವಾದಿ(ಸ)ರವರಲ್ಲಿ ಕೇಳಿದ್ದಾಗಿ ಉಮರ್(ರ) ತಿಳಿಸಿದರು. ಅದು ಅಲ್ಲಾಹನು ನಿಮಗೆ ನೀಡಿದ ದಾನ, ಅದನ್ನು ಸ್ವೀಕರಿಸಿರಿ ಎಂಬುದೇ ಪ್ರವಾದಿ(ಸ)ರವರ ಉತ್ತರವಾಗಿತ್ತು. ಇದನ್ನು ತಿಳಿಸಿದಾಗ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡುವವನು ಅವನಾದರೆ ಬೇಡವೆನ್ನಲು ನಾನ್ಯಾರು" ಎಂದರು. ಮಗ್ರಿಬ್ ಮೂರೇ, ಫಜ್ರ್ ಎರಡೇ, ಸ್ಥಳೀಯ ಇಮಾಮರ ಹಿಂದೆ ನಿಂತರೆ ನಾಲ್ಕೂ ಪೂರ್ಣ ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ವಿವರಿಸಿದೆವು. ಶಾಫಿಈ ಮದ್‌ಹಬ್‌ನ ಕರಾವಳಿಯ ಸಹೋದರರಿಗೆ ಪ್ರಯಾಣದಲ್ಲಿ ಎರಡು ನಮಾಝ್‌ಗಳನ್ನು ಜೋಡಿಸುವ ಸೌಲಭ್ಯವೂ ಇದೆ.

ಆ ದಿನದ ನಿಜವಾದ ಪರೀಕ್ಷೆ ಜಿದ್ದಾದಲ್ಲಿ ಕಾದಿತ್ತು. ನಾವು ಇಳಿದಾಗ ಅಲ್ಲಿ ರಾತ್ರಿ ಹನ್ನೊಂದರ ಸಮೀಪ. ಎರಡೂವರೆ ಗಂಟೆ ಮುಂದಿರುವ ನಮ್ಮ ಊರಿನಲ್ಲಿ ನಡುರಾತ್ರಿ ಕಳೆದಿತ್ತು. ಭಾವಮೈದುನನು ಹಗಲಿಡೀ ಕೆಲಸ ಮಾಡಿ ನೇರವಾಗಿ ನಿಲ್ದಾಣಕ್ಕೆ ಬಂದಿದ್ದನು. "ಈಗಲೇ ಹೊರಟರೆ ಫಜ್ರ್ ಮಸ್ಜಿದುನ್ನಬವಿಯಲ್ಲೇ" ಎಂದು ಉತ್ಸಾಹದಿಂದ ನುಡಿದನು. ಆ ಮಾತು ಕೇಳಿ ತಾಯಿಯವರ ಕಣ್ಣು ತುಂಬಿ ಬಂತು. ಜೀವನವಿಡೀ ಕಾದ ನಮಾಝದು. ಮುಂದೆ 400 ಕಿಲೋಮೀಟರಿಗೂ ಹೆಚ್ಚು ದೂರದ, ನೇರವಾದ, ಕತ್ತಲೆಯ ಮರುಭೂಮಿಯ ಹೆದ್ದಾರಿ.

ಅಮೀರರು ಅವನ ಕಣ್ಣುಗಳನ್ನು ನೋಡಿ, "ಬೇಡ, ಬೆಳಿಗ್ಗೆ ಹೋಗೋಣ. ನಿದ್ದೆ ಬರುವುದು ಓಡಿಸುವವನಿಗೇ ಗೊತ್ತಾಗುವುದಿಲ್ಲ" ಎಂದರು. ಅವನು ಬೇಸರಗೊಂಡನು, ತಾಯಿಯವರು ತಲೆ ತಗ್ಗಿಸಿದರು. ಯಾರೂ ಎದುರು ಮಾತನಾಡಲಿಲ್ಲ. ಅಮೀರನನ್ನು ಮಾಡಿಕೊಂಡ ಮೇಲೆ ಅವರ ಮಾತು ನಡೆಯಬೇಕು. ಭಾವಮೈದುನನ ಮನೆಯಲ್ಲಿ ಇಶಾ ಎರಡು ರಕಅತ್ ನಿರ್ವಹಿಸಿದ ಬಳಿಕ ನಾವು ತಾಯಿಯವರ ಬಳಿ ಕುಳಿತು ಖೈಬರ್‌ನಿಂದ ಮರಳುವಾಗಿನ ಘಟನೆಯನ್ನು ಹೇಳಿದೆವು. ರಾತ್ರಿ ಪ್ರಯಾಣದಲ್ಲಿ ದಣಿದು ಪ್ರವಾದಿ(ಸ) ಮತ್ತು ಸಹಾಬಿಗಳು ತಂಗಿದರು. ಕಾವಲಿಗೆ ನಿಂತವರು ಹಝ್ರತ್ ಬಿಲಾಲ್(ರ). ಮುಂಜಾವು ಸಮೀಪಿಸಿದಾಗ ತಮ್ಮ ವಾಹನ ಪ್ರಾಣಿಗೆ ಒರಗಿದ ಅವರನ್ನೂ ನಿದ್ರೆ ಗೆದ್ದಿತು. ಬಿಸಿಲು ತಾಗುವವರೆಗೆ ಯಾರೂ ಏಳಲಿಲ್ಲ. ಬಿಲಾಲರನ್ನೇ ಗೆದ್ದ ನಿದ್ರೆಯು ಸ್ಟೀರಿಂಗ್ ಹಿಡಿದ ನಮ್ಮ ಹುಡುಗನನ್ನು ಬಿಡುವುದೇ? ನಿಮ್ಮ ಕೈಯಾರೆ ನಾಶಕ್ಕೆ ಬೀಳಬೇಡಿರೆಂಬ ಕುರ್‌ಆನಿನ ಎಚ್ಚರಿಕೆ ರಸ್ತೆಗೂ ಅನ್ವಯಿಸುತ್ತದೆ. ಪವಿತ್ರ ಸ್ಥಳಕ್ಕೆ ಹೊರಟಿದ್ದೇವೆಂಬ ಕಾರಣಕ್ಕೆ ಈ ಎಚ್ಚರಿಕೆ ಸಡಿಲವಾಗುವುದಿಲ್ಲ. "ಹಾಗಾದರೆ ಮಲಗಲಿ ಪಾಪ, ಅವನಿಗೆ ಹೊದಿಕೆ ಕೊಡು" ಎಂದರು ತಾಯಿ.

ಜಮಾಅತ್‌ನ ಇಮಾಮನಿಗೆ ಅತ್ಯಂತ ದುರ್ಬಲನನ್ನು ಗಮನದಲ್ಲಿಟ್ಟು ನಮಾಝ್ ಮಾಡಿಸಬೇಕೆಂಬ ನಿರ್ದೇಶವಿದೆ. ಪ್ರಯಾಣದ ನಿಯಮವೂ ಇದಕ್ಕಿಂತ ಬೇರೆಯಲ್ಲ. ಎರಡು ರಕಅತ್‌ನ ರಿಯಾಯಿತಿಯಲ್ಲಿ ಅಲ್ಲಾಹನು ನಮ್ಮ ದಣಿವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಅದನ್ನು ಪಡೆದ ನಾವು ಚಾಲಕನ ನಿದ್ರೆ, ಮುದುಕರ ಮಂಡಿ, ಮಕ್ಕಳ ಹಸಿವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ರಿಯಾಯಿತಿಯ ಅರ್ಥವನ್ನೇ ಗ್ರಹಿಸಿದಂತಾಗದು.

ರಜೆಯಲ್ಲಿ ಹೊರಡುವ ಕುಟುಂಬಗಳಿಗೆ ನಮ್ಮ ಕೋರಿಕೆ ಇಷ್ಟೇ. ಮನೆಯಲ್ಲೇ ಅಮೀರನನ್ನು ಆರಿಸಿರಿ, ಸಾಲ ಮತ್ತು ಅಮಾನತ್‌ಗಳನ್ನು ಬರೆದಿಟ್ಟು ಹೊರಡಿರಿ. ವಿಮಾನವಿಳಿದ ರಾತ್ರಿಯೇ ದೂರದ ದಾರಿ ಹಿಡಿಯಬೇಡಿರಿ. ಜಿದ್ದಾದಿಂದ ಮದೀನಾಕ್ಕೆ 2018ರಿಂದ ಹರಮೈನ್ ವೇಗದ ರೈಲೂ ಇದೆ. ಮುಸಾಫಿರನ ದುಆ ಸ್ವೀಕೃತವಾಗುವುದೆಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಆ ದುಆದಲ್ಲಿ ವಾಹನ ಓಡಿಸುವವನನ್ನು ಮೊದಲು ನೆನೆಯಿರಿ. ಅಲ್ಲಾಹನು ಎಲ್ಲ ಪ್ರಯಾಣಿಕರನ್ನು ಕ್ಷೇಮವಾಗಿ ಮನೆ ಸೇರಿಸಲಿ, ಆಮೀನ್.