ಬಿಡದ ಬೋಲ್ಟು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿಯೋ ಯಳಂದೂರಿನ ಪೇಟೆಯಲ್ಲಿಯೋ ಎಂದಾದರೂ ಬೈಕ್ ರಿಪೇರಿ ಅಂಗಡಿಯ ಮುಂದೆ ಕಾದು ನಿಂತಿದ್ದರೆ, ಒಂದು ಸದ್ದು ನಿಮಗೆ ಪರಿಚಿತವಿರುತ್ತದೆ. ಸ್ಪ್ಯಾನರು ಜಾರಿ ಲೋಹಕ್ಕೆ ಬಡಿಯುವ ಸದ್ದು ಅದು. ಅದರ ಹಿಂದೆಯೇ ಮೆಕ್ಯಾನಿಕ್ಕಿನ ನಿಟ್ಟುಸಿರು ಕೇಳಿಸುತ್ತದೆ. ಬೋಲ್ಟು ಜಾಮಾಗಿದೆ ಎಂದು ಅರ್ಥ. ಇಂಜಿನ್ ಬಿಚ್ಚುವುದು ಒಂದು ಗಂಟೆಯ ಕೆಲಸವಾದರೆ, ಆ ಒಂದು ಬೋಲ್ಟಿನದು ಒಂದು ದಿನದ ಕೆಲಸವಾದೀತು. ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಬೋಲ್ಟಿನ ಮಾತೇಕೆ ಎನ್ನಬೇಡಿ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಅನ್ನ ಇಂದು ಎರಡು ಚಕ್ರಗಳ ಮೇಲೆ ಉರುಳುತ್ತಿದೆ. ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಶಾಲೆಗೆ ಹೋಗುವ ಮಗು, ಕಾಮಗೆರೆಯ ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲಕ್ಕೂ ಅದೇ ವಾಹನ. ಅದು ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿರುವಷ್ಟು ದಿನ ಮನೆಯೂ ನಿಂತಂತೆಯೇ.

ಬೋಲ್ಟು ಹಟ ಹಿಡಿದಿದೆ ಎನ್ನುವುದು ನಮ್ಮ ರೂಢಿ. ಪಾಪ, ಅದಕ್ಕೆಲ್ಲಿಯ ಹಟ! ಗೆರೆಗಳ ನಡುವೆ ನುಸುಳಿದ ನೀರು ಕಬ್ಬಿಣವನ್ನು ತುಕ್ಕಾಗಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅಷ್ಟು ಜಾಗ ಅಲ್ಲಿಲ್ಲವಾದ್ದರಿಂದ ಅದು ಒಳಗಿನಿಂದಲೇ ಬೆಣೆ ಹೊಡೆದಂತೆ ಬಿಗಿಯುತ್ತದೆ. ಇಂಜಿನ್ನಿನ ಹೊರಕವಚ ಅಲ್ಯೂಮಿನಿಯಮ್, ಬೋಲ್ಟು ಉಕ್ಕು. ಈ ಎರಡು ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ನಡುವೆ ಸಣ್ಣದೊಂದು ಬ್ಯಾಟರಿಯೇ ಹುಟ್ಟಿ, ಅಲ್ಯೂಮಿನಿಯಮ್ ಸವೆದು ಬಿಳಿಯ ಪುಡಿಯಾಗಿ ಗೆರೆಗಳಲ್ಲಿ ಗಾರೆಯಂತೆ ಕೂರುತ್ತದೆ. ಯಳಂದೂರಿನ ಗದ್ದೆಯ ಕೆಸರು, ನಾಲೆಯಲ್ಲಿ ನಿಲ್ಲಿಸಿ ತೊಳೆಯುವ ಅಭ್ಯಾಸ, ಕೊಟ್ಟಿಗೆಯ ತೇವ ಇವೆಲ್ಲ ಅದಕ್ಕೆ ನೆರವಾಗುತ್ತವೆ. ಇನ್ನು ಹಿಂದೊಮ್ಮೆ ಯಾರೋ ಬಲಪ್ರದರ್ಶನ ಮಾಡಿ ಬಿಗಿದಿದ್ದರಂತೂ ಕೇಳುವುದೇ ಬೇಡ. ಹತ್ತನೆಯ ನಂಬರಿನ ಸ್ಪ್ಯಾನರು ಹಿಡಿಯುವ ಸಣ್ಣ ಬೋಲ್ಟಿಗೆ ಬೇಕಾದ ಬಿಗಿ, ಒಂದು ಗೇಣುದ್ದದ ಹಿಡಿಯ ತುದಿಯಲ್ಲಿ ಸುಮಾರು ಐದು ಕಿಲೋ ಭಾರದಷ್ಟು ಮಾತ್ರ. ನಮ್ಮವರು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕುವುದನ್ನು ಕಂಡಿದ್ದೇನೆ.

ನಮ್ಮ ಭಾಗದಲ್ಲಿ ಈ ಮಾತು ಬಂದರೆ ಜಾವಾ, ಯೆಜ್ಡಿಗಳನ್ನು ಬಿಟ್ಟು ಮುಂದೆ ಹೋಗಲಾಗದು. ಚೆಕೊಸ್ಲೊವಾಕಿಯದ ಪರವಾನಗಿಯೊಂದಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರಿಂದ ಆ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ವಾಹನಗಳು ಬಂದವಾದರೂ ಅವುಗಳ ಇಂಜಿನ್ನೇ ಬೇರೆ. ಹಳೆಯ 250ಕ್ಕೆ ಸಿಲಿಂಡರು ಒಂದೇ, ಸೈಲೆನ್ಸರು ಎರಡು. ಆ ಎರಡು ಹೊಗೆಕೊಳವೆಗಳನ್ನೂ ಸಿಲಿಂಡರಿಗೆ ಬಿಗಿದಿರುವುದು ದೊಡ್ಡ ಉಂಗುರದಂತಹ ನಟ್ಟುಗಳು. ಕೊಕ್ಕೆಯಾಕಾರದ ಸ್ಪ್ಯಾನರಿನಿಂದ ಅವನ್ನು ತಿರುಗಿಸಬೇಕು. ದಿನವೂ ಕಾದು ಆರಿ, ಮಸಿ ಕುಡಿದು, ತುಕ್ಕು ಹಿಡಿದ ಆ ನಟ್ಟಿನಷ್ಟು ಮೊಂಡಾದದ್ದು ಆ ಇಂಜಿನ್ನಿನಲ್ಲಿ ಬೇರೊಂದಿಲ್ಲ. ಬಲವಂತ ಮಾಡಿದರೆ ಸಿಲಿಂಡರಿನ ಗೆರೆಗಳೇ ಕಿತ್ತು ಬರುತ್ತವೆ. ಸಿಲಿಂಡರು ಹೋದರೆ ಹೊಸದನ್ನು ತರಲು ಆ ಕಾರ್ಖಾನೆಯೇ ಇಲ್ಲ.

ಮಾರ್ಟಳ್ಳಿಯ ಕಡೆಯ ಯುವಕನೊಬ್ಬ ಇಂತಹ ಒಂದು ಯೆಜ್ಡಿಯನ್ನು ಟೆಂಪೊದಲ್ಲಿ ಹೇರಿಕೊಂಡು ಕೊಳ್ಳೇಗಾಲಕ್ಕೆ ತಂದಿದ್ದನ್ನು ನಾನು ಬಲ್ಲೆ. ಆತನ ದಿವಂಗತ ತಂದೆಯ ವಾಹನ ಅದು. ಎಷ್ಟೋ ವರ್ಷ ಕೊಟ್ಟಿಗೆಯಲ್ಲಿ ಗೋಣಿಚೀಲದಡಿ ನಿಂತಿತ್ತು. ಗುಜರಿಯವನು ತೂಕಕ್ಕೆ ಕೇಳಿದ್ದ, ತಾಯಿ ಕೊಡಲೊಪ್ಪಿರಲಿಲ್ಲ. ಮೆಕ್ಯಾನಿಕ್ ನಟ್ಟುಗಳನ್ನು ಮುಟ್ಟಿ ನೋಡಿದ, ಸ್ಪ್ಯಾನರು ಎತ್ತಿಕೊಳ್ಳಲಿಲ್ಲ. "ನೋಡು ತಮ್ಮ, ಇದು ಬಂದ್ರೂ ಬರ್ಬೋದು, ಥ್ರೆಡ್ಡನ್ನ ಎಳ್ಕಂಡೂ ಬರ್ಬೋದು. ನಿಮ್ಮವ್ವನ್ನ ಒಂದ್ ಮಾತು ಕೇಳ್ಕಂಡು ಬಾ" ಎಂದ. ಯುವಕ ಅಷ್ಟು ದೂರ ಮರಳಿ ಹೋಗಿ ಮರುದಿನ ಒಪ್ಪಿಗೆ ತಂದ. ಅದುವರೆಗೆ ಅಂಗಡಿಯವನು ಮಾಡಿದ್ದಿಷ್ಟೇ: ನಟ್ಟಿನ ಸುತ್ತ ತಂತಿಬ್ರಷ್ಷಿನಿಂದ ಉಜ್ಜಿ, ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಹನಿಹನಿಯಾಗಿ ಬಿಟ್ಟು, ಹಳೆಯ ಬಟ್ಟೆ ಸುತ್ತಿದ್ದು.

ಎಣ್ಣೆಯನ್ನು ಕಂಡೊಡನೆ ಅಭ್ಯಂಗದ ಉಪಮೆ ಹೇಳಲು ನಮ್ಮ ಕೆಲವು ಪ್ರಬೋಧಕರ ನಾಲಿಗೆ ತುರಿಸುವುದುಂಟು. ಡೀಸೆಲ್ಲು ಡೀಸೆಲ್ಲಾಗಿಯೇ ಇರಲಿ. ಅದು ಮಾಡುವ ಕೆಲಸ ಅಚ್ಚರಿಯದೇ ಹೌದು. ಕೂದಲೆಳೆಗಿಂತ ಕಿರಿದಾದ ಸಂದಿಗೆ ತಾನಾಗಿ ಏರಿ ಇಳಿದು ನುಸುಳುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಹನಿಸಬೇಕು. ನಡುನಡುವೆ ಸುತ್ತಿಗೆಯಿಂದ ಮೆಲ್ಲನೆ, ಆದರೆ ನೇರವಾಗಿ ತಟ್ಟಬೇಕು. ಆ ಕಂಪನಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿ ಕೊಡುತ್ತದೆ.

ಆಮೇಲೆ ಬೆಂಕಿ. ಕಾಯಿಸಿದರೆ ತೂತು ಕುಗ್ಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವಾಗ ಅದನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ಯುತ್ತಿದ್ದರು. ಉಂಗುರ ಕಾದರೆ ಅದರ ಒಳಗಿನ ತೂತೂ ಹಿಗ್ಗುತ್ತದೆ. ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಕವಚವನ್ನು ಕಾಯಿಸಿದರೆ ಒಳಗಿನ ಬೋಲ್ಟಿನ ಮೇಲಿನ ಹಿಡಿತ ಸಡಿಲುತ್ತದೆ. ಆದ್ದರಿಂದ ಜ್ವಾಲೆ ತೋರಬೇಕಾದುದು ಸುತ್ತಲಿನ ಲೋಹಕ್ಕೆ, ಬೋಲ್ಟಿನ ತಲೆಗಲ್ಲ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಡಬೇಕು, ಎಣ್ಣೆ ಸುತ್ತಿದ ಬಟ್ಟೆಯನ್ನು ತೆಗೆಯಬೇಕು. ಅವಸರದಲ್ಲಿ ಇದನ್ನು ಮರೆತ ಅಂಗಡಿಗಳು ಹೊತ್ತಿ ಉರಿದಾವು.

ತಿರುಗಿಸುವಾಗಲೂ ಒಂದು ಕ್ರಮವಿದೆ. ಬಿಚ್ಚಬೇಕೆಂದಿದ್ದರೂ ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೇ ತಿರುಗಿಸಿ ನೋಡುತ್ತಾರೆ. ತುಕ್ಕಿನ ಕಟ್ಟು ಮುರಿಯಲು ಅಷ್ಟು ಸಾಕು. ಕೊಂಚ ಬಂದರೆ ಒಮ್ಮೆಲೇ ಎಳೆಯದೆ, ಕಾಲು ಸುತ್ತು ಹಿಂದೆ, ಅರೆಪಾಲು ಮುಂದೆ, ಮತ್ತೆ ಎಣ್ಣೆ. ಬಲಮುರಿ, ಎಡಮುರಿ ಎಂಬ ಹೆಸರುಗಳು ಕಾವೇರಿ ತೀರದ ನಮಗೆ ಹೊಸವಲ್ಲ. ತಿರುಪಿನಲ್ಲಿಯೂ ಎಡಮುರಿ ಇದೆ. ಸೈಕಲ್ಲಿನ ಎಡ ಪೆಡಲು ಹಾಗೆಯೇ. ಅದನ್ನು ಅರಿಯದೆ ಬಿಚ್ಚುತ್ತಿದ್ದೇನೆಂದು ಬಿಗಿಯುತ್ತಲೇ ಹೋಗುವವರಿದ್ದಾರೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಬೋಲ್ಟು ಮುರಿಯುತ್ತದೆ. ತಲೆ ಕೈಗೆ ಬಂದು ಬುಡ ಒಳಗೇ ಉಳಿಯುತ್ತದೆ. ಪ್ರಿಯ ಓದುಗರೇ, ನಾನು ಹೇಳಬೇಕೆಂದಿದ್ದ ಮಾತು ಇಲ್ಲಿದೆ. ಆ ಗಳಿಗೆಯಲ್ಲಿ ವಾಹನದ ಒಡೆಯ ಸಾಮಾನ್ಯವಾಗಿ ಅಲ್ಲಿರುವುದಿಲ್ಲ, ಟೀ ಅಂಗಡಿಯಲ್ಲಿರುತ್ತಾನೆ. ಮುರಿದ ತಲೆಯನ್ನು ಅಂಟಿನಿಂದ ಅದರ ಜಾಗದಲ್ಲಿಯೇ ಕೂರಿಸಿ, ಮೇಲೆ ಗ್ರೀಸು ಬಳಿದುಬಿಟ್ಟರೆ ಯಾರಿಗೂ ತಿಳಿಯದು. ಮುಂದೊಂದು ದಿನ ಮಲೆ ಮಹದೇಶ್ವರ ಬೆಟ್ಟದ ತಿರುವಿನಲ್ಲಿ ಆಯಿಲ್ ಸೋರಿ ಇಂಜಿನ್ ಹಿಡಿದುಕೊಂಡಾಗ ಮಾತ್ರ ತಿಳಿದೀತು. ಆಗಲೂ ಯಾರ ಕೈಕೆಲಸವೆಂದು ತಿಳಿಯದು. ಹಾಗೆ ಮಾಡುವ ಕೈಗಳಿವೆ.

ಅರಸುಗಳ ಎರಡನೆಯ ಗ್ರಂಥದಲ್ಲಿ ಪ್ರವಾದಿ ಎಲೀಷರ ಕಾಲದ ಒಂದು ಪ್ರಸಂಗ ಬರುತ್ತದೆ. ಜೋರ್ಡಾನ್ ತೀರದಲ್ಲಿ ಮರ ಕಡಿಯುತ್ತಿದ್ದವನ ಕೊಡಲಿಯ ಅಲಗು ಕಳಚಿ ನೀರಿಗೆ ಬೀಳುತ್ತದೆ. ಆತ ಗೋಳಾಡುವುದು ಅದು ಎರವಲು ತಂದದ್ದೆಂಬ ಕಾರಣಕ್ಕೆ. ಕಬ್ಬಿಣ ತೇಲಿದ ಪವಾಡದ ಬಗೆಗೆ ನಾವು ಬಹಳ ಕೇಳಿದ್ದೇವೆ. ಅದಕ್ಕೂ ಮೊದಲು ಅದು ಬಿದ್ದದ್ದೆಲ್ಲಿ ಎಂದು ಪ್ರವಾದಿ ಕೇಳಿದ್ದನ್ನೂ, ಆತ ಆ ಜಾಗವನ್ನು ತೋರಿಸಿದ್ದನ್ನೂ ಅಷ್ಟಾಗಿ ಗಮನಿಸಿಲ್ಲ. ಮೆಕ್ಯಾನಿಕ್ಕಿನ ಕೈಯಲ್ಲಿರುವ ಪ್ರತಿಯೊಂದು ಬೋಲ್ಟೂ ಎರವಲಿನದೇ.

ಯೆಜ್ಡಿಯ ಉಂಗುರ ನಟ್ಟುಗಳು ನಾಲ್ಕನೆಯ ದಿನ ಗೆರೆ ಕೆಡದೆ ಬಂದವು. ಆದರೆ ಕವಚದ ಸಣ್ಣ ಬೋಲ್ಟೊಂದು ಮುರಿಯಿತು. ಅಂಗಡಿಯವನು ಯುವಕನನ್ನು ಕರೆದು ಮುರಿದ ತಲೆಯನ್ನು ಅಂಗೈಯಲ್ಲಿಟ್ಟ. ಒಳಗುಳಿದ ಬುಡಕ್ಕೆ ಒಂದು ನಟ್ಟನ್ನು ವೆಲ್ಡ್ ಮಾಡಿಸಿದರು. ಆ ಕಾವಿಗೇ ಸಡಿಲಗೊಂಡ ಅದನ್ನು ಬೆರಳುಗಳಿಂದಲೇ ತಿರುಗಿಸಿ ತೆಗೆಯಲು ಸಾಧ್ಯವಾಯಿತು. ವೆಲ್ಡಿಂಗಿನ ಕೂಲಿಯನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಯುವಕ ಒತ್ತಾಯಿಸಿದಾಗ ಅರ್ಧ ತೆಗೆದುಕೊಂಡ.

ಹೊಸ ಬೋಲ್ಟು ಹಾಕುವ ಕೆಲಸವನ್ನು ಅಂಗಡಿಯ ಹುಡುಗನಿಗೆ ವಹಿಸಲಾಯಿತು. ಆತ ತೂತಿನ ಗೆರೆಗಳನ್ನು ಬಟ್ಟೆಯಿಂದ ಒರೆಸಿ, ಬೋಲ್ಟಿಗೆ ತೆಳುವಾಗಿ ಗ್ರೀಸು ಸವರಿ, ಮೊದಲ ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಿ ಕೂರಿಸಿದ. ಸ್ಪ್ಯಾನರಿನ ಹಿಡಿಯನ್ನು ತುದಿಯಲ್ಲಿ ಹಿಡಿದಾಗ ಒಳಗಿನಿಂದ ದನಿ ಬಂದಿತು: "ಅಷ್ಟ್ ಸಾಕು ಬುಡು, ಮುಂದ್ಕೆ ಬಿಚ್ಚೋನೂ ಬದುಕ್ಬೇಕಲ್ಲ."