ಕ್ಲಾಸಿನ ದುಡ್ಡು

ಸಂಜೆ ನಾಲ್ಕೂವರೆ ಕಳೆದ ಮೇಲೆ ನಮ್ಮಂಥ ಊರಿನ ಯಾವ ಬಡಾವಣೆಯಲ್ಲಾದರೂ ಒಂದು ಸುತ್ತು ಹಾಕಿ ಬನ್ನಿ. ಒಂದು ಮನೆಯಿಂದ ಸರಳೆ ವರಸೆ ಕೇಳಿಸುತ್ತದೆ, ಪಕ್ಕದ ಮನೆಯಿಂದ ಹದಿನೇಳರ ಮಗ್ಗಿ. ಮೂಲೆಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳ ಕಟಕಟ, ಎದುರು ಮನೆಯ ತಾರಸಿಯ ಮೇಲೆ ಯೋಗ. ಗೇಟುಗಳಿಗೆ ತೂಗುಹಾಕಿದ ಬೋರ್ಡುಗಳನ್ನು ಎಣಿಸುತ್ತಾ ಹೋದರೆ ಕಿರಾಣಿ ಅಂಗಡಿಗಳಿಗಿಂತ ಇವೇ ಹೆಚ್ಚಿರಬೇಕು. ಆದರೆ ಆ ಮನೆಯೊಡತಿಯನ್ನು ಮದುವೆ ಮನೆಯಲ್ಲಿ ಯಾರಾದರೂ "ನೀವೇನು ಮಾಡ್ಕೊಂಡಿದ್ದೀರಿ?" ಎಂದು ಕೇಳಲಿ. "ಏನಿಲ್ಲ, ಮನೇಲೇ ಇದ್ದೀನಿ. ಹೊತ್ತು ಹೋಗ್ಲಿ ಅಂತ ನಾಲ್ಕು ಮಕ್ಕಳಿಗೆ ಹೇಳ್ಕೊಡ್ತೀನಿ ಅಷ್ಟೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ನಾಲ್ಕು ಮಕ್ಕಳು ಎಷ್ಟೋ ಸಲ ನಲವತ್ತು ಮಕ್ಕಳಾಗಿರುತ್ತಾರೆ.

ಆಡಿಟರೊಬ್ಬರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೀರ್ದಿ, ಖಾತೆ ಬರೆದು ಬಂದವಳು ನಾನು. ನಿವೃತ್ತಳಾದ ಮೇಲೆ ನಮ್ಮ ಬೀದಿಯ ಟೀಚರಮ್ಮಂದಿರು ಒಬ್ಬೊಬ್ಬರಾಗಿ ನೋಟ್‌ಬುಕ್ಕು ಹಿಡಿದು ಬರತೊಡಗಿದರು. ಮೊದಲ ದಿನ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಅಕ್ಕಾ, ನಮಗೂ ಟ್ಯಾಕ್ಸ್ ಬೀಳುತ್ತಾ?" ಪ್ರಶ್ನೆಯಲ್ಲಿ ಹೆದರಿಕೆಯೇ ಹೆಚ್ಚು. ನಾನು ತಿರುಗಿ ಕೇಳುತ್ತಿದ್ದುದು ಬೇರೆ: "ಅದಿರಲಿ, ವರ್ಷಕ್ಕೆ ನಿಮಗೆ ಎಷ್ಟು ಬರುತ್ತೆ?" ಒಬ್ಬರಿಗೂ ಗೊತ್ತಿರಲಿಲ್ಲ. ಈ ತಿಂಗಳು ಯಾವ ಮಗುವಿನ ಫೀಜು ಬಾಕಿ ಎಂಬುದು ಬಾಯಿಪಾಠ, ವರ್ಷದ ಮೊತ್ತ ಮಾತ್ರ ಕತ್ತಲೆ.

ಇದಕ್ಕೆ ಕಾರಣ ಉಂಟು. ವಿದ್ಯೆ ಮಾರಬಾರದು ಎಂಬ ಮಾತು ನಮ್ಮ ಕಿವಿಯಲ್ಲಿ ಗಟ್ಟಿಯಾಗಿ ಕೂತಿದೆ. ಗುರುದಕ್ಷಿಣೆ ಎಂದರೆ ಕೇಳಿ ಪಡೆಯುವುದಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುವುದು. ಹಾಗಾಗಿ ಫೀಜಿನ ಲಕೋಟೆಯನ್ನು ಎದುರಿಗೇ ಬಿಚ್ಚಿ ಎಣಿಸಲು ಸಂಕೋಚ. ಬಾಕಿ ಕೇಳಲು ನಾಚಿಕೆ. ವಿಜಯದಶಮಿಯ ದಿನ ಬಾಳೆಹಣ್ಣು, ತೆಂಗಿನಕಾಯಿ, ರವಿಕೆ ಕಣ ಕೊಟ್ಟು ನಮಸ್ಕಾರ ಮಾಡಿದ ತಾಯಿ ಮೂರು ತಿಂಗಳಿಂದ ಫೀಜು ಕೊಟ್ಟಿಲ್ಲವೆಂದು ಯಾವ ಬಾಯಿಂದ ಹೇಳುವುದು? ಬಂದದ್ದು ಸಾಸಿವೆ ಡಬ್ಬಿಗೆ ಹೋಗುತ್ತದೆ. ಡಬ್ಬಿಯಿಂದ ಹಾಲಿನವನಿಗೆ, ಗ್ಯಾಸಿಗೆ, ಮಗಳ ಬಸ್ ಪಾಸಿಗೆ. ಎಲ್ಲಿ ಬಂತು, ಎಲ್ಲಿ ಹೋಯಿತು ಕೇಳಬೇಡಿ. "ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ" ಎನ್ನುತ್ತಾರೆ. ನಮ್ಮ ಟೀಚರಮ್ಮಂದಿರ ಮನೆಯಲ್ಲಿ ಆ ಅಪ್ಪನಿಗೂ ಮಗನಿಗೂ ಪರಿಚಯವೇ ಇಲ್ಲ!

ಮೂಲೆಮನೆಯ ಹೊಲಿಗೆ ಕ್ಲಾಸಿನವರ ಲೆಕ್ಕವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತೇನೆ. ತಿಂಗಳಿಗೆ ಹನ್ನೆರಡು ಹೆಣ್ಣುಮಕ್ಕಳು, ತಲೆಗೆ 1,500 ರೂಪಾಯಿ. "ತಿಂಗಳಿಗೆ ಹದಿನೆಂಟು ಸಾವಿರ ಲಾಭ ಅಕ್ಕಾ" ಎಂದರು. ವರ್ಷಕ್ಕೆ 2,16,000 ಆಯಿತು. ಒಂದು ಉದ್ದ ನೋಟ್‌ಬುಕ್ಕು ತರಿಸಿ ಎಡಗಡೆ ಜಮಾ, ಬಲಗಡೆ ಖರ್ಚು ಎಂದು ಗೆರೆ ಎಳೆದೆವು. ಮುಂದಿನ ಕೋಣೆಯ ಬಾಡಿಗೆ ತಿಂಗಳಿಗೆ 3,000, ವರ್ಷಕ್ಕೆ 36,000. ದಾರ, ಸೂಜಿ, ಯಂತ್ರದ ಎಣ್ಣೆ, ಕತ್ತರಿಸಿ ಕಲಿಸುವ ಕಾಗದ ತಿಂಗಳಿಗೆ 500ರಂತೆ 6,000. ಕರೆಂಟಿನಲ್ಲಿ ಕ್ಲಾಸಿನ ಪಾಲು 4,800. ಯಂತ್ರ ರಿಪೇರಿ 5,000. ಒಟ್ಟು ಖರ್ಚು 51,800. ಉಳಿದದ್ದು 1,64,200. ದಿನಕ್ಕೆ ಐದು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ ವರ್ಷಕ್ಕೆ 1,500 ಗಂಟೆ. ಭಾಗಿಸಿದಾಗ ಗಂಟೆಗೆ ನೂರೊಂಬತ್ತು ರೂಪಾಯಿ ಚಿಲ್ಲರೆ ಬಂತು.

ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ, "ನಾನು ಅಷ್ಟು ಹೊತ್ತು ಕೆಲಸ ಮಾಡ್ತೀನಾ ಅಕ್ಕಾ?" ಎಂದರು. ದುಡ್ಡು ಕಡಿಮೆಯಾಯಿತೆಂಬ ಬೇಸರಕ್ಕಿಂತ ಸಾವಿರದೈನೂರು ಗಂಟೆ ಎಂಬುದೇ ಅವರಿಗೆ ದೊಡ್ಡ ಸುದ್ದಿ. ಹೊತ್ತು ಹೋಗಲಿ ಎಂದು ಮಾಡುವ ಕೆಲಸ ಅದಲ್ಲ ಎಂದು ನೋಟ್‌ಬುಕ್ಕೇ ಹೇಳಿತು, ನಾನು ಹೇಳಬೇಕಾಗಲಿಲ್ಲ. ಮುಂದಿನ ತಂಡಕ್ಕೆ ಇನ್ನೂರು ರೂಪಾಯಿ ಏರಿಸಿದರು. ಯಾರೂ ಬಿಟ್ಟುಹೋಗಲಿಲ್ಲ.

ಇನ್ನು ಆ ಹೆದರಿಕೆಯ ಮಾತು. 2025ರ ಜುಲೈ ತಿಂಗಳು ನಿಮಗೆ ನೆನಪಿರಬಹುದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೇಕರಿ, ಬೀಡಾ ಅಂಗಡಿಗಳ ಮುಂದೆ "ನಗದು ಮಾತ್ರ" ಎಂಬ ಚೀಟಿ ಬಂತು. ಅದನ್ನು ನೋಡಿ ನಮ್ಮ ಸಂಗೀತದ ಮೇಡಂ ಕೂಡ ಗೋಡೆಗೆ ಅಂಟಿಸಿದ್ದ ಸ್ಕ್ಯಾನ್ ಮಾಡುವ ಚೌಕದ ಮೇಲೆ ಕ್ಯಾಲೆಂಡರ್ ತೂಗುಹಾಕಿಬಿಟ್ಟರು.

ಹೆದರಿಕೆಗೆ ಮದ್ದು ಅಂಕಿಗಳೇ. ಜಿಎಸ್‌ಟಿ 2017ರ ಜುಲೈ 1ರಂದು ಬಂತು. ನಮ್ಮ ರಾಜ್ಯದಲ್ಲಿ ಸೇವೆ ಒದಗಿಸುವವರು ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಸಾಮಾನು ಮಾತ್ರ ಮಾರುವವರಿಗೆ ಆ ಮಿತಿ 40 ಲಕ್ಷ. ಮನೆಪಾಠದವರಲ್ಲಿ 20 ಲಕ್ಷ ಮುಟ್ಟುವವರು ಎಷ್ಟು ಜನ? ದೊಡ್ಡ ಕೋಚಿಂಗ್ ಸೆಂಟರು ಮುಟ್ಟುತ್ತದೆ, ಆಗ ಶೇಕಡ 18ರ ತೆರಿಗೆ. ಶಾಲೆಗೆ ಇರುವ ವಿನಾಯಿತಿ ಖಾಸಗಿ ಕೋಚಿಂಗಿಗೆ ಇಲ್ಲ. ಸಂಗೀತ, ನೃತ್ಯ, ಚಿತ್ರಕಲೆಯಂಥ ಕಲೆಗಳನ್ನು ಹವ್ಯಾಸಕ್ಕಾಗಿ ಕಲಿಸುವವರು ಸಂಸ್ಥೆಯಾಗಿರದೆ ಒಬ್ಬ ವ್ಯಕ್ತಿಯಾಗಿದ್ದರೆ ಅದಕ್ಕೆ ಜಿಎಸ್‌ಟಿಯಿಂದ ವಿನಾಯಿತಿಯೇ ಇದೆ. ಇಷ್ಟು ಹೇಳಿದ ಮೇಲೆ ಸಂಗೀತದ ಮೇಡಂ ಮನೆಯ ಕ್ಯಾಲೆಂಡರ್ ತನ್ನ ಹಳೆಯ ಮೊಳೆಗೆ ಹೋಯಿತು.

ಆದಾಯ ತೆರಿಗೆಯ ಕಥೆ ಬೇರೆ. ಅಲ್ಲಿ ನೋಡುವುದು ಖರ್ಚು ಕಳೆದು ಉಳಿದದ್ದನ್ನು. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ಮೊದಲ ಮಿತಿಯನ್ನು 4 ಲಕ್ಷಕ್ಕೆ ಏರಿಸಿದರು. ಮಾಮೂಲಿ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ತೆರಿಗೆ ಸೊನ್ನೆ ಎಂದರೆ ರಿಟರ್ನ್ ಸಲ್ಲಿಸುವುದೂ ಬೇಡ ಎಂದಲ್ಲ. ಉಳಿಕೆ ನಾಲ್ಕು ಲಕ್ಷ ದಾಟಿದರೆ ಸಲ್ಲಿಸಲೇಬೇಕು. ಸಂಬಳದವರಿಗೆ ಸಿಗುವ 75,000 ರೂಪಾಯಿಯ ಕಡಿತ ನಮಗಿಲ್ಲ. ಅದರ ಬದಲು ನಮ್ಮ ನಿಜವಾದ ಖರ್ಚುಗಳನ್ನು ಕಳೆಯಬಹುದು. ಬರೆದಿಟ್ಟಿದ್ದರೆ ತಾನೇ ಕಳೆಯುವುದು? ವೈದ್ಯರು, ವಕೀಲರು, ಎಂಜಿನಿಯರುಗಳು ಬಂದದ್ದರಲ್ಲಿ ಅರ್ಧವನ್ನು ಆದಾಯವೆಂದು ತೋರಿಸುವ ಸುಲಭದ ದಾರಿಯೊಂದಿದೆ. ಆ ವೃತ್ತಿಗಳ ಪಟ್ಟಿಯಲ್ಲಿ ಪಾಠ ಹೇಳುವವರ ಹೆಸರಿಲ್ಲ. ನೆರೆಮನೆಯ ಡಾಕ್ಟರು ಹಾಗೆ ಮಾಡಿದರೆಂದು ನಾವೂ ಹಾಗೆಯೇ ಬರೆಯುವಂತಿಲ್ಲ.

ಕಾಲೇಜಿಗೋ ತರಬೇತಿ ಕೇಂದ್ರಕ್ಕೋ ಹೋಗಿ ಗಂಟೆ ಲೆಕ್ಕದಲ್ಲಿ ಪಾಠ ಮಾಡಿ ಬರುವವರು ಇನ್ನೊಂದು ಗಮನಿಸಬೇಕು. ಅನೇಕ ಕಡೆ ಸಂಭಾವನೆಯಲ್ಲಿ ಶೇಕಡ 10ರಷ್ಟನ್ನು ತೆರಿಗೆಯೆಂದು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆ ಹಣ ನಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರದಲ್ಲಿ ಕೂತಿರುತ್ತದೆ. ರಿಟರ್ನ್ ಸಲ್ಲಿಸಿದರೆ ಹೆಚ್ಚಾಗಿ ಹಿಡಿದದ್ದು ಬ್ಯಾಂಕಿಗೆ ವಾಪಸು ಬರುತ್ತದೆ. ಸಲ್ಲಿಸದಿದ್ದರೆ ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ಯೋಗ ಕಲಿಸುವ ಹುಡುಗಿಯೊಬ್ಬಳಿಗೆ ಹೀಗೆ ಒಂಬತ್ತು ಸಾವಿರ ಬಂದಾಗ, ಸರ್ಕಾರವೂ ಹಣ ಹಿಂದಿರುಗಿಸುತ್ತದೆಯೇ ಎಂದು ಅವಳ ಅತ್ತೆ ಪಾಸ್‌ಬುಕ್ಕನ್ನು ಎರಡೆರಡು ಸಲ ನೋಡಿದರಂತೆ.

1961ರ ಕಾಯ್ದೆಯಲ್ಲಿ ಗಳಿಸಿದ ವರ್ಷಕ್ಕೆ ಒಂದು ಹೆಸರು, ತೆರಿಗೆ ಕಟ್ಟುವ ವರ್ಷಕ್ಕೆ ಇನ್ನೊಂದು ಹೆಸರು. ಅದನ್ನು ತಿಳಿಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಸವೆಯಿತು. 2026ರ ಏಪ್ರಿಲ್ 1ರಿಂದ ಲೆಕ್ಕ ಶುರುವಾಗುವ 2025ರ ಹೊಸ ಕಾಯ್ದೆಯಲ್ಲಿ "ತೆರಿಗೆ ವರ್ಷ" ಎಂಬ ಒಂದೇ ಮಾತು. ಕಲಂಗಳ ಸಂಖ್ಯೆಗಳೂ ಬದಲು. ಹಳೆಯ ಚೀಟಿಯಲ್ಲಿ ಬರೆದುಕೊಂಡ ಸಂಖ್ಯೆಗಳನ್ನು ನಂಬಿ ಕೂರಬೇಡಿ. ಒಮ್ಮೆ ಆಡಿಟರ ಹತ್ತಿರ ಹೋಗಿ ಕೇಳಿ ಬನ್ನಿ. ಕೇಳಲು ಹೋಗುವಾಗ ನೋಟ್‌ಬುಕ್ಕು ಕೈಯಲ್ಲಿರಲಿ. ಬರಿಗೈಯಲ್ಲಿ ಹೋದವರಿಗೆ ಸಲಹೆಯೂ ಅಂದಾಜಿನದೇ ಸಿಗುತ್ತದೆ.

ಇಷ್ಟಾದರೂ ನಾನು ನೋಟ್‌ಬುಕ್ಕಿನ ಬಗ್ಗೆ ಹಟ ಹಿಡಿಯುವುದು ತೆರಿಗೆಗಾಗಿ ಅಲ್ಲ. ಅದರ ಹಿಂದೆ ಒಬ್ಬ ಹೆಂಗಸಿನ ಕಥೆ ಇದೆ.

ಅವರು ಇಪ್ಪತ್ತೆರಡು ವರ್ಷ ಮನೆಯಲ್ಲಿ ಗಣಿತ ಹೇಳಿಕೊಟ್ಟವರು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವೆಂದರೆ ಅಳುತ್ತಿದ್ದ ಎಷ್ಟು ಮಕ್ಕಳನ್ನು ದಾಟಿಸಿದರೋ ಲೆಕ್ಕವಿಲ್ಲ. ಫೀಜೆಲ್ಲ ಗಂಡನ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಮೋಸವೇನೂ ಇರಲಿಲ್ಲ. ಗಂಡ ಒಳ್ಳೆಯವರು, ಬ್ಯಾಂಕಿಗೆ ಓಡಾಡುವವರು ಅವರು, ಮೊಬೈಲು ಬಂದ ಮೇಲೆ ಮಕ್ಕಳ ತಂದೆತಾಯಿ ಹಣ ಹಾಕುತ್ತಿದ್ದುದೂ ಅವರದೇ ನಂಬರಿಗೆ. "ನಂದೇನು, ಅವರದೇನು" ಎನ್ನುವ ಸಂಸಾರ. ಒಂದು ದಿನ ಗಂಡ ಹೃದಯಾಘಾತದಿಂದ ತೀರಿಕೊಂಡರು. ಖಾತೆಗೆ ನಾಮಿನಿ ಬರೆಸಿರಲಿಲ್ಲ, ಉಯಿಲೂ ಇರಲಿಲ್ಲ. ಬ್ಯಾಂಕು ನಿಯಮದಂತೆ ಖಾತೆ ನಿಲ್ಲಿಸಿತು.

ಆ ಖಾತೆಯಲ್ಲಿದ್ದುದರಲ್ಲಿ ಹೆಚ್ಚಿನ ಪಾಲು ಇವರು ಸೀಮೆಸುಣ್ಣ ಹಿಡಿದು ಗಳಿಸಿದ್ದು. ಆದರೆ ಕಾಗದದ ಮೇಲೆ ಅದು ತೀರಿಹೋದವರ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಆಸ್ತಿಗೆ ತಾಯಿ, ಹೆಂಡತಿ, ಮಕ್ಕಳೆಲ್ಲ ಸಮಪಾಲುದಾರರು. ಅತ್ತೆ, ಮಗ, ಮಗಳು, ಇವರು. ನಾಲ್ಕು ಪಾಲು. ಅತ್ತೆ ಹಾಸಿಗೆ ಹಿಡಿದಿದ್ದರು, ಮಗ ದೂರದ ಊರಿನಲ್ಲಿದ್ದ. ಎಲ್ಲರೂ ಒಪ್ಪಿ ಸಹಿ ಹಾಕಿದರು, ಜಗಳವಾಗಲಿಲ್ಲ. ಆದರೂ ಹಣ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಅವರು ಕ್ಲಾಸು ನಿಲ್ಲಿಸಲಿಲ್ಲ. ಒಂದು ಸಲ ನನ್ನ ಮುಂದೆ ಕೂತು ಹೇಳಿದರು: "ನನ್ನ ದುಡ್ಡು ನನಗೇ ಪಿತ್ರಾರ್ಜಿತದ ಹಾಗೆ ಬಂತಲ್ಲಾ, ಅದೂ ನಾಲ್ಕು ಜನರ ಸಹಿಯ ಮೇಲೆ!"

ಅದೇ ಕಾಯ್ದೆ 1956ರಲ್ಲಿ ಬಂದಾಗ ಅದರ 14ನೆಯ ಕಲಮಿನಲ್ಲಿ ಹೆಂಗಸು ಹೊಂದಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದು ಬರೆದರು. ಯಾವ ಯಾವ ರೀತಿಯಲ್ಲಿ ಬಂದ ಆಸ್ತಿ ಎಂದು ವಿವರಿಸುವಾಗ ಅವಳ ಸ್ವಂತ ಕೌಶಲ ಮತ್ತು ಶ್ರಮದಿಂದ ಬಂದದ್ದನ್ನೂ ಹೆಸರಿಸಿ ಸೇರಿಸಿದರು. ಗಣಿತ ಹೇಳಿಕೊಡುವುದು ಕೌಶಲವಲ್ಲದೆ ಇನ್ನೇನು? ಕಾನೂನು ಎಪ್ಪತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿರುವುದನ್ನು ನಮ್ಮ ಮನೆಯ ಸಾಸಿವೆ ಡಬ್ಬಿ ಇನ್ನೂ ಒಪ್ಪಿಲ್ಲ. ಕಾನೂನಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ನಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಅದಕ್ಕೊಂದು ನಾಮಿನಿ, ಹಣ ಹಾಕಲು ನಮ್ಮದೇ ನಂಬರು, ತಿಂಗಳಿಗೊಮ್ಮೆ ಬರೆದ ಜಮಾಖರ್ಚು, ಕೊಟ್ಟ ಪ್ರತಿ ಫೀಜಿಗೂ ಒಂದು ರಸೀದಿ, ಕೊಂಡ ಸಾಮಾನಿನ ಬಿಲ್ಲುಗಳನ್ನು ಹಾಕಿಡಲು ಒಂದು ಲಕೋಟೆ. ಸಾಕ್ಷಿಯೆಂದರೆ ಇಷ್ಟೇ. ಭಾನುವಾರ ಅವರೆಕಾಯಿ ಸುಲಿಯುವ ಹೊತ್ತಿನಲ್ಲಿ ಅರ್ಧ ಸಾಕು.

ಇದರಿಂದ ಗಂಡಂದಿರಿಗೆ ಮುನಿಸು ಬರುತ್ತದೆಯೇ ಎಂದು ಕೆಲವರು ಕೇಳಿದ್ದುಂಟು. ಮೊದಲು ಕೊಂಚ ಬರಬಹುದು. ಹೊಲಿಗೆ ಕ್ಲಾಸಿನವರ ಯಜಮಾನರು "ಏನಿದು, ಮನೆಯಲ್ಲೇ ಎರಡು ಸರ್ಕಾರ?" ಎಂದರಂತೆ. ಎರಡು ವರ್ಷ ಕಳೆದ ಮೇಲೆ ನಾಲ್ಕು ಹೊಸ ಯಂತ್ರ ಕೊಳ್ಳಲು ಬ್ಯಾಂಕಿಗೆ ಸಾಲಕ್ಕೆ ಹೋದಾಗ, ಮ್ಯಾನೇಜರು ಮೊದಲು ಕೇಳಿದ್ದು ಎರಡು ವರ್ಷದ ರಿಟರ್ನು, ಖಾತೆಯ ವಿವರ. ಮಿತಿಯೊಳಗಿದ್ದರೂ ಇವರು ತಪ್ಪದೆ ಸಲ್ಲಿಸಿದ್ದರು. ಎರಡನ್ನೂ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಕೂತಿದ್ದ ಯಜಮಾನರ ಕಡೆಗೆ ಮ್ಯಾನೇಜರು ತಿರುಗಿ ನೋಡಲೇ ಇಲ್ಲ. ಸಾಲದ ಅರ್ಜಿಯಲ್ಲಿ ವೃತ್ತಿ ಎಂಬ ಜಾಗದಲ್ಲಿ "ಹೊಲಿಗೆ ಶಿಕ್ಷಕಿ" ಎಂದು ಅವರೇ ದುಂಡಗೆ ಬರೆದರು. ಈಗ ಯಜಮಾನರೇ ಕರೆಂಟು ಬಿಲ್ಲು ಬಂದ ಕೂಡಲೇ "ಇದರಲ್ಲಿ ಕ್ಲಾಸಿನ ಪಾಲು ಎಷ್ಟು ಬರೆದೆ?" ಎಂದು ಕೇಳುತ್ತಾರಂತೆ.

ದೀಪಾವಳಿಗೆ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಹಾಳೆಯಲ್ಲಿ ಶ್ರೀ ಬರೆದು ಲಕ್ಷ್ಮಿಯ ಮುಂದಿಡುತ್ತಾರೆ. ನವರಾತ್ರಿಯಲ್ಲಿ ನಾವು ಸರಸ್ವತಿಯ ಮುಂದೆ ವೀಣೆ, ಪುಸ್ತಕ, ಗೆಜ್ಜೆ ಇಡುತ್ತೇವೆ, ಹೊಲಿಗೆ ಯಂತ್ರಕ್ಕೂ ಹೂವು ಏರಿಸುತ್ತೇವೆ. ಈ ಸಲ ಅವುಗಳ ಪಕ್ಕದಲ್ಲಿ ಆ ಉದ್ದ ನೋಟ್‌ಬುಕ್ಕನ್ನೂ ಇಟ್ಟು ನೋಡಿ. ಸರಸ್ವತಿಯೇನೂ ಬೇಡವೆನ್ನುವುದಿಲ್ಲ.