ಸೇತುವೆ ದಾಟಿ ಬಂದ ದರೋಡೆಕೋರ

ನ್ಯೂಯಾರ್ಕಿನ ಮನ್‌ಹಟನ್ ದ್ವೀಪವನ್ನೂ ಪಡುವಣ ದಡದ ನ್ಯೂಜೆರ್ಸಿಯನ್ನೂ ಅಗಲಿಸಿ ಹರಿಯುತ್ತದೆ ಹಡ್ಸನ್ ನದಿ. ಇವೆರಡನ್ನು ಬೆಸೆದಿರುವುದು ಜಾರ್ಜ್ ವಾಷಿಂಗ್ಟನ್ ತೂಗುಸೇತುವೆ. 1931ರಲ್ಲಿ ಅದು ಸಂಚಾರಕ್ಕೆ ತೆರೆದಾಗ, ಗೋಪುರಗಳ ನಡುವಿನ 3,500 ಅಡಿ ಹರವು ಅದುವರೆಗಿನ ದಾಖಲೆಗೆ ಹೆಚ್ಚುಕಡಮೆ ಇಮ್ಮಡಿಯಾಗಿತ್ತು. ಗೋಪುರಗಳಿಗೆ ಕಲ್ಲಿನ ಹೊದಿಕೆ ತೊಡಿಸುವ ಯೋಜನೆಯಿತ್ತು. ಹಣದ ಮುಗ್ಗಟ್ಟಿನ ಆ ದಿನಗಳಲ್ಲಿ ಅದನ್ನು ಕೈಬಿಟ್ಟರು. ಬರಿಯ ಉಕ್ಕೇ ಸೇತುವೆಯ ಚೆಲುವಾಯಿತು.

ವಾಹನದಲ್ಲಿ ದಾಟುವವರಿಗೆ ಈ ಸೇತುವೆಯ ಸ್ವಭಾವ ತಿಳಿಯದು. ಅಂಚಿನ ಕಾಲುದಾರಿಯಲ್ಲಿ ನಡೆಯುವವರ ಪಾದದಡಿ ಅದು ಕಂಪಿಸುತ್ತದೆ. ನದಿಯ ಗಾಳಿ ಮೈಗೆ ಅಪ್ಪಳಿಸುತ್ತದೆ. ಡೊನಾಲ್ಡ್ ವೆಸ್ಟ್‌ಲೇಕ್ ಎಂಬ ತರುಣ ಲೇಖಕರು ಒಮ್ಮೆ ತಪ್ಪು ಬಸ್ಸು ಹತ್ತಿದ್ದರಿಂದ ಇದನ್ನು ನಡೆದೇ ದಾಟಬೇಕಾಯಿತು. ಈ ಕಂಪನದಷ್ಟೇ ಬಿಗುವು ಮನದೊಳಗಿರುವ ಮನುಷ್ಯ ಎಂಥವನಿದ್ದಾನು? ಆ ಯೋಚನೆಯಿಂದ ಹುಟ್ಟಿದವನು ಪಾರ್ಕರ್.

1962ರಲ್ಲಿ ರಿಚರ್ಡ್ ಸ್ಟಾರ್ಕ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ‘ದಿ ಹಂಟರ್’ ಕಾದಂಬರಿ ಈ ಸೇತುವೆಯ ಮೇಲೆಯೇ ಆರಂಭವಾಗುತ್ತದೆ. ಹೆಂಡತಿಯ ಗುಂಡಿಗೆ ಸತ್ತನೆಂದು ಸಂಗಡಿಗರು ಬಿಟ್ಟುಹೋಗಿದ್ದ ದರೋಡೆಕೋರ, ತನ್ನ ಪಾಲಿನ ಹಣವನ್ನು ವಸೂಲು ಮಾಡಲು ನಗರದತ್ತ ನಡೆದುಬರುತ್ತಾನೆ. ಕಾರಿನವನೊಬ್ಬ ಕರೆದರೆ ಬೈದು ಮುಂದೆ ಸಾಗುತ್ತಾನೆ.

ಹಸ್ತಪ್ರತಿಯ ಕೊನೆಯಲ್ಲಿ ಅವನು ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದ. ಪಾತಕಿಗೆ ಶಿಕ್ಷೆಯಾಗುವುದು ಅಂದಿನ ಕಥೆಗಳ ರೂಢಿ. ಆದರೆ ಪ್ರಕಾಶನದ ಸಂಪಾದಕ ಬಕ್ಲಿನ್ ಮೂನ್ ಅವರು, ಇವನನ್ನು ತಪ್ಪಿಸಿಕೊಳ್ಳಲು ಬಿಟ್ಟರೆ ಇನ್ನೂ ಕಾದಂಬರಿಗಳನ್ನು ಬರೆಯಬಹುದಲ್ಲವೇ ಎಂದು ಕೇಳಿದರು. ಕೊನೆ ಬದಲಾಯಿತು. 1963ರ ಎರಡನೆಯ ಕಾದಂಬರಿಯಲ್ಲಿ ಪಾರ್ಕರ್ ಶಸ್ತ್ರಚಿಕಿತ್ಸೆಯಿಂದ ಹೊಸ ಮುಖ ಪಡೆದು ಬಂದ. 1974ರ ಅನಂತರ ಇಪ್ಪತ್ತಮೂರು ವರ್ಷ ಅವನ ಸುದ್ದಿಯಿಲ್ಲ. 1997ರಲ್ಲಿ ‘ಕಮ್‌ಬ್ಯಾಕ್’ ಎಂಬ ಕಾದಂಬರಿಯೊಡನೆ ಮರಳಿ ಎದ್ದ. ವೆಸ್ಟ್‌ಲೇಕ್ 2008ರಲ್ಲಿ ತೀರಿಕೊಳ್ಳುವ ವೇಳೆಗೆ ಅವನ ಕಾದಂಬರಿಗಳು 24 ಆಗಿದ್ದುವು.

ಇದೇ ಸೇತುವೆಯ ಪೂರ್ವಗೋಪುರದ ಬುಡದಲ್ಲಿ ಪುಟ್ಟ ಕೆಂಪು ದೀಪಸ್ತಂಭವೊಂದಿದೆ. ಸೇತುವೆಯ ದೀಪಗಳು ಬಂದ ಮೇಲೆ ಹಡಗುಗಳಿಗೆ ಅದರ ಬೆಳಕು ಬೇಡವಾಯಿತು. ಅದನ್ನು ಕಳಚಿ ಮಾರಲು ಹೊರಟಾಗ, 1942ರ ಪುಸ್ತಕವೊಂದರಲ್ಲಿ ಅದರ ಕಥೆ ಓದಿದ್ದ ಮಕ್ಕಳು ಕಾಗದ ಬರೆದು ಮೊರೆಯಿಟ್ಟರು. 1951ರಲ್ಲಿ ಅದು ನಗರದ ಉದ್ಯಾನ ಇಲಾಖೆಯ ಆಶ್ರಯಕ್ಕೆ ಸೇರಿತು.

ದೀಪಸ್ತಂಭವನ್ನು ಉಳಿಸಿದ್ದು ಮಕ್ಕಳ ಕರುಣೆ. ದರೋಡೆಕೋರನನ್ನು ಉಳಿಸಿದ್ದು ಸಂಪಾದಕರ ಲೆಕ್ಕಾಚಾರ. ಆದರೆ ಆ ಲೆಕ್ಕ ತಪ್ಪಲಿಲ್ಲವೇಕೆ? ಕಳ್ಳನಿಗೆ ಶಿಕ್ಷೆಯಾಗಲೇಬೇಕೆನ್ನುವ ಸದ್ಗೃಹಸ್ಥನೂ, ಪುಸ್ತಕ ಕೈಯಲ್ಲಿರುವಷ್ಟು ಹೊತ್ತು, ಅವನು ದಡ ಸೇರಲೆಂದೇ ಹಾರೈಸುತ್ತಾನೆ.